ಟೇಲರು ಹೊಲಿದ ಕಂಪ್ಯೂಟರು

ಆ ದಿನ ಬೆಳಿಗ್ಗೆ ದೇವರು ಆಕಾಶಕ್ಕೆ ಇಸ್ತ್ರಿ ಹಾಕಿದ್ದ. ಒಂದು ಸುಕ್ಕು ಮೋಡವಿಲ್ಲ, ಒಂದು ಮಡಿಕೆ ಮಂಜಿಲ್ಲ. ಹಿಂದಿನ ರಾತ್ರಿಯೆಲ್ಲ ಬೀಸಿದ ಗಾಳಿ ರಸ್ತೆಯ ಕಸವನ್ನು ಗುಡಿಸಿ ಮೂಲೆಗೆ ಹಾಕಿ, ಬೆಳಗಾಗುತ್ತಲೇ ಸುಮ್ಮನಾಗಿತ್ತು. ಇಂಥ ಬೆಳಗಿನಲ್ಲಿ ಯಾರಿಗೂ ಕೆಟ್ಟದ್ದಾಗಲಾರದು ಎಂದು ಮನುಷ್ಯನಿಗೆ ಅನ್ನಿಸುತ್ತದೆ. ಮೇಲಿನವನು ಆಗಾಗ ನಮ್ಮನ್ನು ಹೀಗೆ ನಂಬಿಸುತ್ತಾನೆ. ಮಕ್ಕಳ ಜೊತೆ ಅಪ್ಪನಿಗಿರುವ ಸಲುಗೆ ಅದು.

ಅರ್ಧಿಂಚು ತನ್ನ ಅಂಗಡಿಯ ಮುಂದೆ ನಿಂತು ಬೋರ್ಡನ್ನು ನೋಡಿದ. ಅವನು ಟೇಲರು. ಮಗುವಿನ ಚಡ್ಡಿಯಿರಲಿ, ಮುದುಕರ ಕೋಟಿರಲಿ, "ಅರ್ಧ ಇಂಚು ಒಳಗೆ ಬಿಟ್ಟಿರ್ತೀನಿ, ಮುಂದೆ ಬೇಕಾಗುತ್ತೆ" ಎಂದು ಹೇಳದೆ ಅವನು ಟೇಪು ಸುತ್ತಿದವನಲ್ಲ. ತೊಂಬತ್ತು ದಾಟಿದವರಿಗೂ ಮುಂದೆ ಬೆಳೆಯುವ ಭರವಸೆ ಕೊಡುವ ಟೇಲರು ಲೋಕದಲ್ಲಿ ಇನ್ನೊಬ್ಬನಿರಲಿಲ್ಲ. ಅದಕ್ಕೇ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು.

ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು: 'ಇಲ್ಲಿ ಕಂಪ್ಯೂಟರ್ ಅಳತೆಯಲ್ಲಿ ಹೊಲಿದು ಕೊಡಲಾಗುವುದು.'

ಬೋರ್ಡು ಬಂದು ಎರಡು ತಿಂಗಳಾಗಿತ್ತು. ಕಂಪ್ಯೂಟರು ಬಂದಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರನ್ನು ಕಂಡು ಜನ ನಗುತ್ತಾರೆ. ಆದರೆ ಕುಲಾವಿ ಹೊಲಿಯುವುದೇ ಕಸುಬಾದವನು ಪಾಪ ಇನ್ನೇನು ಮಾಡಿಯಾನು? ಎದುರಿನ ರೆಡಿಮೇಡ್ ಅಂಗಡಿಯವನು ಕಂಪ್ಯೂಟರಿನಲ್ಲಿ ಬಿಲ್ಲು ಹೊಡೆದು ಕೊಡಲು ಶುರುಮಾಡಿದ್ದ. ಅದು ಕರ್ರ್ ಎಂದು ಚೀಟಿ ಉಗುಳುವುದನ್ನು ನೋಡಲೆಂದೇ ಜನ ಅಲ್ಲಿ ಒಂದು ಬನಿಯನ್ನಾದರೂ ಕೊಳ್ಳುತ್ತಿದ್ದರು. ಅರ್ಧಿಂಚಿಗೆ ತಡೆಯಲಾಗಲಿಲ್ಲ. ಬಣ್ಣದವನನ್ನು ಕರೆಸಿ ಬೋರ್ಡು ಬರೆಸಿದ.

ಬರೆಸಿದ್ದನ್ನು ಬೀದಿಯವರು ಓದಿ ಮರೆತರು. ಮರೆಯದೆ ಓದಿದವರು ಒಬ್ಬರೇ. ಬಸ್ ಡಿಪೋದ ಉಗ್ರಾಣದ ಸಾಹೇಬರು. ಅವರ ಡಿಪೋದ ಮುನ್ನೂರ ಹನ್ನೆರಡು ಮಂದಿಗೆ ಹೊಸ ಸಮವಸ್ತ್ರ ಆಗಬೇಕಿತ್ತು. ಪ್ರತಿಯೊಬ್ಬರ ಅಳತೆಯೂ ಕಂಪ್ಯೂಟರಿನಲ್ಲಿ ದಾಖಲಾಗಿರಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. "ಸೋಮವಾರ ನಾಲ್ಕು ಗಂಟೆಗೆ ಬರ್ತೀನಿ. ನಿಮ್ಮ ಕಂಪ್ಯೂಟರ್ ನನ್ನ ಕಣ್ಣೆದುರಿಗೆ ಓಡಬೇಕು. ಓಡಿದ್ರೆ ಕೆಲಸ ನಿಮ್ಮದು, ಇಲ್ಲದಿದ್ರೆ ಎದುರಂಗಡಿಯವರದು" ಎಂದು ಹೇಳಿ ಹೋಗಿದ್ದರು. ಎದುರಂಗಡಿಯವನು ದೇವರು ಸೃಷ್ಟಿಸಿದ ಸಕಲ ಹೊಟ್ಟೆಗಳನ್ನೂ ಸಣ್ಣ, ನಡು, ದೊಡ್ಡ ಎಂಬ ಮೂರೇ ಅಳತೆಯಲ್ಲಿ ಮುಗಿಸಬಲ್ಲೆನೆಂದು ನಂಬಿದವನು.

ಇಂದು ಸೋಮವಾರ.

ಅಂಗಡಿಯೊಳಗೆ ಮೂರು ಹೊಲಿಗೆ ಯಂತ್ರಗಳಿದ್ದವು. ಎರಡಕ್ಕೆ ಬಟ್ಟೆ ಹೊದಿಸಿ ಆರು ತಿಂಗಳಾಗಿತ್ತು. ಕಿಟಕಿಯ ಬದಿಯ ಮಣೆಯ ಮೇಲೆ ಕಾಜದಮ್ಮ ಕೂತು ಅಂಗಿಗೆ ಕಾಜ ಹೊಲಿಯುತ್ತಿದ್ದಳು. ಗುಂಡಿಯ ಕಣ್ಣುಗಳನ್ನು ಕೈಯಲ್ಲೇ ಹೊಲಿಯುವ ಆ ಮುದುಕಿ ಇಪ್ಪತ್ತೆರಡು ವರ್ಷದಿಂದ ಅದೇ ಮಣೆಯ ಮೇಲಿದ್ದಳು. ಡಿಪೋದ ಕೆಲಸ ಸಿಗದಿದ್ದರೆ ಬರುವ ತಿಂಗಳಿಂದ ಮನೆಯಲ್ಲೇ ಇರು ಎಂದು ಅವಳಿಗೆ ಹೇಳಬೇಕಾಗಿತ್ತು. ಹೇಳುವುದು ಯಾರು? "ನೀವೇ ಹೇಳಿ" ಎಂದಿದ್ದಳು ಹೆಂಡತಿ. "ಹೆಂಗಸರಿಗೆ ಹೆಂಗಸರು ಹೇಳಿದ್ರೆ ಚೆಂದ" ಎಂದಿದ್ದ ಅರ್ಧಿಂಚು. ಒಂದು ವಾರದಿಂದ ಆ ಮಾತು ಗಂಡ ಹೆಂಡಿರ ನಡುವೆ ಬಿಸಿ ಪಾತ್ರೆಯ ಹಾಗೆ ಕೈ ಬದಲಾಯಿಸುತ್ತಿತ್ತು.

ಕಂಪ್ಯೂಟರನ್ನು ಅವನು ಕೊಂಡಿರಲಿಲ್ಲ. ಬಿಡಿ ಭಾಗ ತಂದು ತಾನೇ ಸೇರಿಸಿದ್ದ. "ಕೋಟಂದ್ರೂ ಬಿಡಿ ಭಾಗ ತಾನೆ? ತೋಳು, ಕಾಲರು, ಬೆನ್ನು, ಜೇಬು. ಮೂವತ್ತು ವರ್ಷ ಸೇರಿಸಿಲ್ವಾ ನಾನು?" ಎಂದು ಹೆಂಡತಿಯ ಬಾಯಿ ಮುಚ್ಚಿಸಿದ್ದ. ಡಿಸ್ಕು ಅಕ್ಕನ ಮಗಳದು. ಓದಿದ ಹುಡುಗಿ. ತನ್ನ ಹಳೆಯ ಯಂತ್ರದಿಂದ ಬಿಚ್ಚಿ ಕೊಡುವ ಮುಂಚೆ ಎದೆ, ಸೊಂಟ, ಉದ್ದ ತುಂಬಿದರೆ ಎಷ್ಟು ಬಟ್ಟೆ ಬೇಕೆಂದು ತಾನಾಗಿ ಹೇಳುವ ಒಂದು ಪಟ್ಟಿಯನ್ನೂ ಅದರೊಳಗೆ ಮಾಡಿಟ್ಟಿದ್ದಳು. ಉಳಿದದ್ದನ್ನೆಲ್ಲ ಅರ್ಧಿಂಚು ಮೂರು ದಿನ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು, ಯಾವ ತಂತಿ ಎಲ್ಲಿಗೆ ಎಂದು ತೋರಿಸುವ ದೊಡ್ಡ ನಕ್ಷೆಯ ಹಾಳೆಯನ್ನು ಕಿಟಕಿಯ ಗಾಜಿಗೆ ಒತ್ತಿ, ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ಗೆರೆ ಇಳಿಸಿಕೊಂಡು, ಆ ಗೆರೆಯ ಪ್ರಕಾರ ಶ್ರದ್ಧೆಯಿಂದ ಜೋಡಿಸಿದ್ದ. ಬಟ್ಟೆಯ ಮೇಲ್ಮೈಗೆ ಗುರುತು ಹಾಕುವವನು ಟೇಲರೇ ಅಲ್ಲ ಎಂದು ಅವನ ಗುರು ಹೇಳಿಕೊಟ್ಟಿದ್ದರು. ಗುರುತು ಯಾವಾಗಲೂ ಒಳಮೈಗೆ.

ಒಂಬತ್ತು ಗಂಟೆಗೆ ಅವನು ಕೈ ತೊಳೆದು, ಕಣ್ಣು ಮುಚ್ಚಿ ಮನೆದೇವರನ್ನು ನೆನೆದು, ಪೆಟ್ಟಿಗೆಯ ಮುಂದಿದ್ದ ದೊಡ್ಡ ಗುಂಡಿಯನ್ನು ಒತ್ತಿದ.

ಏನೂ ಆಗಲಿಲ್ಲ.

ಹೆಬ್ಬೆರಳಿನಲ್ಲಿ ಒತ್ತಿದ. ತೋರುಬೆರಳಿನಲ್ಲಿ ಒತ್ತಿದ. ಒತ್ತಿ ಹಿಡಿದ, ತಟ್ಟನೆ ಬಿಟ್ಟ. ಕಂಪ್ಯೂಟರು ಹೊಸ ಸೊಸೆಯಂತೆ ತಲೆ ತಗ್ಗಿಸಿ ಕೂತಿತ್ತು.

"ಪ್ಲಗ್ ಹಾಕಿದ್ದೀರಾ?" ಎಂದಳು ಹೆಂಡತಿ.

"ಹಾಕಿದ್ದೀನಿ."

"ಹಿಂದುಗಡೆ ಸ್ವಿಚ್ಚು?"

"ಅದನ್ನೂ ಹಾಕಿದ್ದೀನಿ."

"ಹಾಗಾದ್ರೆ ಇನ್ನೊಂದ್ಸಲ ಕೈ ಮುಗೀರಿ. ಮೊದಲನೇದು ತಲುಪಿಲ್ಲ."

ಅಷ್ಟರಲ್ಲಿ ಪಕ್ಕದ ಕ್ಷೌರದಂಗಡಿಯವನು ಬಾಗಿಲಲ್ಲಿ ಇಣುಕಿದ. ಬೀದಿಯ ಸುದ್ದಿಯೆಲ್ಲ ಮೊದಲು ಅವನ ಕುರ್ಚಿಯಲ್ಲಿ ಕೂತು, ತಲೆ ಬಾಚಿಕೊಂಡು, ಆಮೇಲೆ ಊರು ಸುತ್ತಲು ಹೊರಡುತ್ತಿತ್ತು. "ಏನ್ ಟೇಲರೇ, ಶುರುವಾಯ್ತಾ?"

"ಈಗ ತಾನೆ ಎಲ್ಲಾ ಒಂದು ಕಡೆ ಸೇರಿದಾವೆ" ಎಂದ ಅರ್ಧಿಂಚು ಗಂಭೀರವಾಗಿ. "ಒಂದಕ್ಕೊಂದು ಪರಿಚಯ ಆಗ್ಲಿ ಅಂತ ಬಿಟ್ಟಿದ್ದೀನಿ."

"ಅದೂ ಸರಿಯೇ. ಪ್ಲಗ್ ಹಾಕಿದ್ದೀರಿ ತಾನೆ?"

ಹತ್ತೂವರೆಗೆ ಬಾಮೈದ ಬಂದ. ಹೆಂಡತಿ ಫೋನು ಮಾಡಿ ಕರೆಸಿದ್ದಳು. ಅವನಿಗೆ ಫ್ಯಾನು ಮಾರುವ ಅಂಗಡಿಯಲ್ಲಿ ಕೆಲಸ, ಹಾಗಾಗಿ ತಿರುಗುವ ಎಲ್ಲದರ ಬಗ್ಗೆಯೂ ತನಗೆ ಅಧಿಕಾರವಿದೆ ಎಂದು ತಿಳಿದಿದ್ದ. ಕಂಪ್ಯೂಟರಿನೊಳಗೂ ಒಂದು ಪುಟ್ಟ ಫ್ಯಾನಿದೆಯಲ್ಲ.

"ಭಾವಾ, ಪ್ಲಗ್..."

"ಹಾಕಿದೆ!" ಎಂದು ಮೂರು ಕಂಠಗಳು ಒಟ್ಟಿಗೆ ಹೇಳಿದವು. ಮೂರನೆಯದು ಕಾಜದಮ್ಮನದು.

ಬಾಮೈದ ಪೆಟ್ಟಿಗೆಯ ಪಕ್ಕದ ಹಲಗೆ ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತ. ಕಂಪ್ಯೂಟರಿನ ಹೊಟ್ಟೆಯೆಂದರೆ ಹಾವಿನ ಹುತ್ತದಂತಿರುತ್ತದೆ ಎಂದು ಅವನು ಕೇಳಿದ್ದ. ಇಲ್ಲಿ ತಂತಿಗಳೆಲ್ಲ ಜಡೆ ಹಾಕಿಸಿಕೊಂಡ ಹೆಣ್ಣುಮಕ್ಕಳಂತೆ ಸಾಲಾಗಿ ಕೂತಿದ್ದವು. ಕೆಂಪು ತಂತಿಗೆ ಕೆಂಪು ದಾರ, ಕಪ್ಪು ತಂತಿಗೆ ಕಪ್ಪು ದಾರ, ಅರ್ಧರ್ಧ ಇಂಚಿಗೆ ಒಂದೊಂದು ಗಂಟು.

"ಇದೇನು ಭಾವ, ವೈರುಗಳಿಗೆ ಹೆಮ್ಮಿಂಗ್ ಹಾಕಿದ್ದೀರಾ?"

"ಜೋತಾಡೋ ದಾರ ಕಂಡ್ರೆ ನನಗಾಗಲ್ಲ."

ಬಾಮೈದ ಮೆಮೊರಿ ಪಟ್ಟಿಯನ್ನು ಹೊರಗೆಳೆದು ಅದರ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಮತ್ತೆ ಸಿಕ್ಕಿಸಿದ. ಡಿಸ್ಕು ಬಿಚ್ಚಿ ಪುನಃ ಜೋಡಿಸಿದ. ಮೂರು ಸಲ ಊದಿದ. ಕಡೆಗೆ ಅರ್ಧಿಂಚು ಮುಂದೆ ಹಿಡಿದ ಪೆನ್ಸಿಲ್ ನಕ್ಷೆಗೂ ಪೆಟ್ಟಿಗೆಗೂ ಒಂದೊಂದೇ ತಂತಿ ಹೋಲಿಸಿ ನೋಡಿದ. ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ನಕ್ಷೆಯಲ್ಲಿದ್ದಂತೆಯೇ ಇತ್ತು.

"ನೀವು ಏನೂ ತಪ್ಪು ಮಾಡಿಲ್ಲ ಭಾವ. ಅದೇ ನನಗೆ ಭಯ" ಎಂದ ಬಾಮೈದ, ಗಲ್ಲಕ್ಕೆ ಕೈ ಹಚ್ಚಿ. "ಒಳಗೆಲ್ಲ ಸರಿ ಇದೆ ಅಂದ್ಮೇಲೆ ತಪ್ಪು ಹೊರಗಿದೆ. ನಿಮ್ಮ ಅಂಗಡಿ ಕರೆಂಟಿಗೆ ದಮ್ಮಿಲ್ಲ."

"ಇಸ್ತ್ರಿಪೆಟ್ಟಿಗೆ ಕಾಯುತ್ತಲ್ಲೋ?"

"ಇಸ್ತ್ರಿಪೆಟ್ಟಿಗೆ ಎಮ್ಮೆ ಇದ್ದ ಹಾಗೆ ಭಾವ. ಏನು ಹಾಕಿದ್ರೂ ಮೇಯುತ್ತೆ. ಕಂಪ್ಯೂಟರ್ ಹಾಗಲ್ಲ, ಅದು ಮಡಿವಂತ. ಅದಕ್ಕೆ ಸೋಸಿದ ಕರೆಂಟೇ ಬೇಕು."

ತನ್ನ ಕೈಕೆಲಸದಲ್ಲಿ ದೋಷವಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ನಂಬದೆ ಇರುವಷ್ಟು ವೈರಾಗ್ಯ ಸಾಧುಸಂತರಿಗೇ ಕಷ್ಟ. ಅರ್ಧಿಂಚು ನಂಬಿದ. ಅಲ್ಲಿಂದ ಅನರ್ಥ ಬಾಗಿಲು ದಾಟಿ ಬೀದಿಗಿಳಿಯಿತು.

ಎಲೆಕ್ಟ್ರಿಷಿಯನ್ ಬಂದ. ಅವನು ಬಾಯಿ ತೆರೆಯುವ ಮುಂಚೆಯೇ ಹೆಂಡತಿ ಪ್ಲಗ್ಗನ್ನು ಬೆರಳು ಮಾಡಿ ತೋರಿಸಿದಳು. ಅವನು ಟೆಸ್ಟರು ಚುಚ್ಚಿದ, ದೀಪ ಹತ್ತಿತು. "ಕರೆಂಟ್ ಬರ್ತಿದೆ" ಎಂದ. ಎಲ್ಲರ ಮುಖವೂ ಇಳಿದದ್ದನ್ನು ನೋಡಿ, ಕರೆಸಿದವರನ್ನು ಹಾಗೆ ನಿರಾಸೆ ಮಾಡುವುದು ಧರ್ಮವಲ್ಲ ಎನ್ನಿಸಿರಬೇಕು. "ಆದ್ರೆ ಮನಸ್ಸಿಲ್ಲದ ಮನಸ್ಸಿಂದ ಬರ್ತಿದೆ. ಕಂಬದಲ್ಲೇ ಏನೋ ಇದೆ" ಎಂದು ಸೇರಿಸಿದ.

ಕಂಬ ಅವನದಲ್ಲ, ಇಲಾಖೆಯದು. ಇಲಾಖೆಗೆ ಫೋನು ಹೋಯಿತು. ಬೇರೆ ದಿನವಾಗಿದ್ದರೆ ಮೂರು ದಿನವಾದರೂ ಯಾರೂ ತಲೆಹಾಕುತ್ತಿರಲಿಲ್ಲ. ಆ ದಿನ ದೇವರು ಇಸ್ತ್ರಿ ಹಾಕಿದ ದಿನ. ಅರ್ಧ ಗಂಟೆಯಲ್ಲಿ ಏಣಿ ಹೊತ್ತ ಲೈನ್‌ಮನ್ನೂ, ಅವನ ಹಿಂದೆ ಕೈಯಲ್ಲಿ ಪುಸ್ತಕ ಹಿಡಿದ ಅವನ ಮೇಲಧಿಕಾರಿಯೂ ಬಂದಿಳಿದರು. ಅಧಿಕಾರಿ ಹೊಸದಾಗಿ ಕೆಲಸಕ್ಕೆ ಸೇರಿದವನು, ನಿಯಮವನ್ನು ಇನ್ನೂ ನಂಬುತ್ತಿದ್ದ.

"ಕಂಬ ಮುಟ್ಟಬೇಕಾದ್ರೆ ಇಡೀ ಬೀದಿ ಲೈನು ತೆಗೀಬೇಕು" ಎಂದ. ತೆಗೆದೇಬಿಟ್ಟ.

ಒಂದು ಗಂಟೆಗೆ ಹೋದ ಕರೆಂಟು ಮೂರೂಮುಕ್ಕಾಲರವರೆಗೆ ಬರಲಿಲ್ಲ. ಹಿಟ್ಟಿನ ಗಿರಣಿ ನಡು ಹಿಟ್ಟಿನಲ್ಲಿ ನಿಂತಿತು. ಕ್ಷೌರದಂಗಡಿಯಲ್ಲಿ ಯಂತ್ರದ ಕತ್ತರಿ ಗಿರಾಕಿಯ ನೆತ್ತಿಯ ಮೇಲೆ ಬಂದಾಗಲೇ ಉಸಿರು ಬಿಟ್ಟಿತು. ಆತ ಒಂದು ಕಡೆ ಕಾಡು, ಒಂದು ಕಡೆ ಬಯಲಾಗಿ ಬೀದಿಗೆ ಬಂದ. ಹಲ್ಲಿನ ಡಾಕ್ಟರ ಬಳಿಯಿಂದ ಒಬ್ಬಾಕೆ ಬಾಯಿ ತೆರೆದುಕೊಂಡೇ ಹೊರಗೆ ಬಂದಳು, ಮುಚ್ಚಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಬಂದು ನಿಂತದ್ದು ಟೇಲರ್ ಅಂಗಡಿಯ ಮುಂದೆ.

"ಯಾಕ್ರೀ ಕರೆಂಟ್ ತೆಗೆದ್ರಿ?" ಎಂದು ಬೋಳಾದ ಕಡೆಯನ್ನು ಮುಚ್ಚಿಕೊಂಡು ಅರೆಬೋಳು ಗಿರಾಕಿ ಕೂಗಿದ.

ಅಧಿಕಾರಿ ತಲೆಯೆತ್ತದೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. 'ತೊಂದರೆಗೆ ಕಾರಣ' ಎಂಬ ಕಾಲಮ್ಮಿನಲ್ಲಿ ಅವನು ಒಂದೇ ಶಬ್ದ ಬರೆದ, ಬರೆದದ್ದನ್ನು ಗಟ್ಟಿಯಾಗಿ ಓದಿದ: "ಕಂಪ್ಯೂಟರ್."

ಕ್ಷೌರದಂಗಡಿಯವನಿಗೆ ಅಷ್ಟು ಸಾಕಾಯಿತು. "ಕೇಳಿದ್ರಾ? ಟೇಲರ್ ಗುಂಡಿ ಒತ್ತಿದ್ದೇ ತಡ, ಆ ಕಂಪ್ಯೂಟರ್ ಬೀದಿ ಕರೆಂಟನ್ನೆಲ್ಲ ಒಂದೇ ಗುಟುಕಿಗೆ ಕುಡಿದುಬಿಡ್ತಂತೆ!"

"ಅಯ್ಯೋ, ಹಾಗೇನೂ ಇಲ್ಲ..." ಎಂದು ಅರ್ಧಿಂಚು ಶುರುಮಾಡಿದ. ಹೆಂಡತಿ ಹಿಂದಿನಿಂದ ಅವನ ಅಂಗಿ ಜಗ್ಗಿದಳು.

"ಸುಮ್ನಿರಿ. ಕೆಡ್ತು ಅನ್ನಿಸಿಕೊಳ್ಳೋದಕ್ಕಿಂತ ಕುಡೀತು ಅನ್ನಿಸಿಕೊಳ್ಳೋದು ಮೇಲು."

ಸುದ್ದಿ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಮೈ ಕೈ ತುಂಬಿಕೊಂಡಿತ್ತು. ಟೇಲರ ಕಂಪ್ಯೂಟರು ಸಾಮಾನ್ಯದ್ದಲ್ಲವಂತೆ, ಬಾಹ್ಯಾಕಾಶದವರು ಇಟ್ಟುಕೊಳ್ಳುವ ಥರದ್ದಂತೆ. ಇಲಾಖೆಯವರೇ ಹೆದರಿ ಓಡಿ ಬಂದರಂತೆ. ಚಹದ ಅಂಗಡಿಯಲ್ಲಿ ಅದು ಗಿರಣಿಯ ಕಲ್ಲನ್ನು ಹಿಂದಕ್ಕೆ ತಿರುಗಿಸಿತ್ತು. ಬಸ್ ನಿಲ್ದಾಣದಲ್ಲಿ ಹಲ್ಲಿನ ಡಾಕ್ಟರ ಮುಂದೆ ಕೂತವಳ ಹಲ್ಲು ತಾನಾಗಿ ಕಳಚಿತ್ತು.

ಜನ ಸೇರಿದಷ್ಟೂ ಅರ್ಧಿಂಚು ಕುಗ್ಗುತ್ತ ಹೋದ. ಎದುರಂಗಡಿಯವನು ಮೆಟ್ಟಿಲ ಮೇಲೆ ಕೈ ಕಟ್ಟಿ ನಿಂತು ನಗುತ್ತಿದ್ದ. "ಏನ್ ಮಾವ, ಕಂಪ್ಯೂಟರ್‌ಗೆ ಹೊಟ್ಟೆ ತುಂಬಿತಾ? ಕುಡಿದಿದ್ದು ಜೀರ್ಣ ಆದ್ಮೇಲೆ ಎದ್ದೀತು ಬಿಡಿ. ಡಿಪೋ ಸಾಹೇಬರು ಬಂದ್ರೆ ನಮ್ಮ ಅಂಗಡೀಲಿ ಕೂರಿಸಿರ್ತೀನಿ, ಗಾಬರಿ ಬೇಡ."

ಇಷ್ಟೆಲ್ಲ ಆಗುತ್ತಿದ್ದರೂ ಕಾಜದಮ್ಮನ ಸೂಜಿ ನಿಂತಿರಲಿಲ್ಲ. ಕರೆಂಟು ಬೇಡದ ಯಂತ್ರ ಆ ಬೀದಿಯಲ್ಲಿ ಅವಳೊಬ್ಬಳೇ. ಅರ್ಧಿಂಚು ಒಳಗೆ ಬಂದು ಅವಳ ಎದುರಿಗೆ ಕುಕ್ಕರಿಸಿದ. ಹೇಳುವುದಿದ್ದರೆ ಈಗಲೇ ಹೇಳಿಬಿಡಬೇಕು ಎಂದುಕೊಂಡ.

"ಅಮ್ಮಾ, ಬರೋ ತಿಂಗಳಿಂದ..."

"ಬರೋ ತಿಂಗಳ ಮಾತು ಬರೋ ತಿಂಗಳು ಆಡು" ಎಂದಳು ಕಾಜದಮ್ಮ, ದಾರವನ್ನು ಹಲ್ಲಿನಲ್ಲಿ ಕಡಿದು. "ಈಗ ಹೋಗಿ ಮುಖ ತೊಳಕೋ. ಸಾಹೇಬರ ಮುಂದೆ ಈ ಮುಖ ಇಟ್ಕೊಂಡು ನಿಂತ್ರೆ ಅಳತೆಗೆ ಬಂದವರು ಸಾವಿಗೆ ಬಂದಿದ್ದೀವಿ ಅಂದ್ಕೋತಾರೆ."

ಮೂರೂಮುಕ್ಕಾಲಿಗೆ ಕರೆಂಟು ಬಂತು. ಬೀದಿಯೆಲ್ಲ ಹೋ ಎಂದಿತು. ಅರ್ಧಿಂಚು ಓಡಿ ಹೋಗಿ ದೊಡ್ಡ ಗುಂಡಿ ಒತ್ತಿದ.

ಏನೂ ಆಗಲಿಲ್ಲ.

"ಕಂಬದಲ್ಲಿ ಏನೂ ದೋಷ ಇಲ್ಲ" ಎಂದು ಅಧಿಕಾರಿ ಪುಸ್ತಕ ಮುಚ್ಚಿದ. ಆದರೆ ಹೋಗಲಿಲ್ಲ. ಕರೆಂಟು ಕುಡಿಯುವ ಯಂತ್ರ ಎದ್ದೇಳುವುದನ್ನು ಕಾಣದೆ ಹೋಗುವುದು ಹೇಗೆ? ಲೈನ್‌ಮನ್ನೂ ಏಣಿಯನ್ನು ಗೋಡೆಗೆ ಒರಗಿಸಿ ನಿಂತ.

ಸರಿಯಾಗಿ ನಾಲ್ಕು ಗಂಟೆಗೆ ಉಗ್ರಾಣದ ಸಾಹೇಬರು ಜನರನ್ನು ಸೀಳಿಕೊಂಡು ಬಂದರು. ಕಂಕುಳಲ್ಲಿ ಫೈಲು, ಮುಖದಲ್ಲಿ ಬೆರಗು. "ಏನ್ರೀ ಟೇಲರೇ! ದಾರಿಯುದ್ದಕ್ಕೂ ನಿಮ್ಮದೇ ಮಾತು. ನಾನು ಬರೀ ಕಂಪ್ಯೂಟರ್ ಇರ್ಬೇಕು ಅಂದಿದ್ದೆ. ಇಷ್ಟು ದೊಡ್ಡದು ಬೇಕು ಅಂತ ಆದೇಶದಲ್ಲಿರಲಿಲ್ಲ."

"ಎಲ್ಲಾ ನಿಮ್ಮ ಆಶೀರ್ವಾದ ಸಾರ್."

"ಓಡಿಸಿ, ನೋಡೋಣ."

ಬಾಮೈದ ಮುಖ ತಿರುಗಿಸಿಕೊಂಡ. ಎಲೆಕ್ಟ್ರಿಷಿಯನ್ ತನ್ನ ಟೆಸ್ಟರನ್ನು ಮೊದಲ ಸಲ ನೋಡುವವನಂತೆ ನೋಡತೊಡಗಿದ. ಆದರೆ ಮೂವತ್ತು ವರ್ಷ ಗಿರಾಕಿಗಳಿಗೆ 'ನಾಳೆ ಕೊಡ್ತೀನಿ' ಎಂದು ಹೇಳಿದವನ ನಾಲಿಗೆ ಸುಲಭಕ್ಕೆ ಸೋಲುವುದಿಲ್ಲ. "ಓಡಿಸ್ತೀನಿ ಸಾರ್. ಆದ್ರೆ ಖಾಲಿ ಹೊಟ್ಟೇಲಿ ಓಡಿಸಬಾರ್ದು. ಮೊದಲು ತಮ್ಮ ಅಳತೆ ತಗೋತೀನಿ, ಅದನ್ನೇ ಒಳಗೆ ಹಾಕೋಣ. ಬೋಣಿ ತಮ್ಮಿಂದಲೇ ಆಗ್ಲಿ."

ಸಾಹೇಬರು ಹಿಗ್ಗಿ, ಕೈ ಚಾಚಿ ನಿಂತರು. ಇಳಿಬಿಸಿಲು ಕಿಟಕಿಯಿಂದ ನೇರ ಅವರ ಕಣ್ಣಿಗೆ ಹೊಡೆಯಿತು. "ಬಿಸಿಲು ರೀ" ಎಂದು ಕಣ್ಣು ಕಿರಿದುಮಾಡಿದರು. ಹೆಂಡತಿ ಮೇಜಿನ ಮೇಲೆ ಕೈಗೆ ಸಿಕ್ಕಿದ ದೊಡ್ಡ ಹಾಳೆಯನ್ನೆತ್ತಿ, ನಾಲ್ಕು ಗುಂಡುಪಿನ್ನು ಚುಚ್ಚಿ ಕಿಟಕಿಗೆ ಅಡ್ಡ ಕಟ್ಟಿದಳು.

ಅರ್ಧಿಂಚು ಮಂಡಿಯೂರಿ ಸಾಹೇಬರ ಸೊಂಟಕ್ಕೆ ಟೇಪು ಸುತ್ತಿದ. ಇನ್ನು ಎಷ್ಟು ಹೊತ್ತು ಅಳೆಯುವುದು? ಸೊಂಟ ಅಳೆದ, ಮತ್ತೆ ಅಳೆದ. ಮೊಣಕೈ ಅಳೆದ. ಕಿವಿಯಿಂದ ಭುಜಕ್ಕೆ ಅಳೆದ. "ಅದು ಯಾಕ್ರೀ?" ಎಂದರು ಸಾಹೇಬರು. "ಟೋಪಿ ಹಾಕಿದ್ರೆ ಕಾಲರಿಗೆ ತಗಲಬಾರ್ದಲ್ಲ ಸಾರ್." ಮನಸ್ಸಿನಲ್ಲಿ ಮಾತ್ರ, ಪರಮಾತ್ಮಾ, ಇಷ್ಟು ವರ್ಷ ಎಲ್ಲರಿಗೂ ಅರ್ಧ ಇಂಚು ಬಿಟ್ಟುಕೊಟ್ಟಿದ್ದೇನೆ, ಈ ಹೊತ್ತು ನನಗೆ ನೀನು ಅರ್ಧ ಇಂಚು ಬಿಡು ಎಂದು ಬೇಡಿಕೊಂಡ. ಬೇಡಿಕೊಂಡು ತಲೆಯೆತ್ತಿದಾಗ ಎದುರಿಗೆ ಕಿಟಕಿ.

ಹೆಂಡತಿ ಕಟ್ಟಿದ್ದು ಕಂಪ್ಯೂಟರಿನ ನಕ್ಷೆಯನ್ನು. ಅಚ್ಚಿನ ಮುಖ ಒಳಕ್ಕಿತ್ತು. ಪೆನ್ಸಿಲಿನಲ್ಲಿ ಹಿಂಬದಿಗೆ ಇಳಿಸಿಕೊಂಡ ಮೇಲೆ ಆ ಮುಖವನ್ನು ಅವನು ತಿರುಗಿಸಿ ನೋಡಿರಲಿಲ್ಲ. ಟೇಲರಾದವನು ಯಾಕೆ ನೋಡಿಯಾನು? ಬಿಸಿಲು ಹಿಂದಿನಿಂದ ಬಿದ್ದು ಗೆರೆಗೆರೆಯೂ ಹೊಳೆಯುತ್ತಿತ್ತು. ಅಕ್ಕಪಕ್ಕದಲ್ಲಿ ಎರಡು ಸಾಲು ಪುಟ್ಟ ಮೊಳೆಗಳು. ಅಚ್ಚಿನಲ್ಲಿ ದೊಡ್ಡ ಗುಂಡಿಯ ತಂತಿ ಎಡಗಡೆಯ ಸಾಲಿಗೆ ಹೋಗಿತ್ತು. ಸಣ್ಣ ಗುಂಡಿಯದು ಬಲಗಡೆಯ ಸಾಲಿಗೆ.

ಅವನು ಹಾಕಿದ್ದು ದೊಡ್ಡದನ್ನು ಬಲಕ್ಕೆ, ಸಣ್ಣದನ್ನು ಎಡಕ್ಕೆ.

ಒಂದು ಗಳಿಗೆ ಅವನಿಗೆ ಏನೂ ತಿಳಿಯಲಿಲ್ಲ. ಮರುಗಳಿಗೆ ಎಲ್ಲ ತಿಳಿಯಿತು. ಬಟ್ಟೆಯನ್ನು ಒಳಮೈ ಮೇಲೆ ಗುರುತು ಮಾಡಿ ಹೊಲಿದ ಮೇಲೆ ಮಗುಚುತ್ತಾರೆ, ಎಡ ಎಡವಾಗುತ್ತದೆ, ಬಲ ಬಲವಾಗುತ್ತದೆ. ಕಂಪ್ಯೂಟರನ್ನು ಅವನು ಒಳಮೈಯ ಗುರುತಿನಂತೆ ಹೊಲಿದು ಮುಗಿಸಿದ್ದ. ಮಗುಚುವುದಕ್ಕೆ ಅದು ಕೋಟಲ್ಲ! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಗೆಯೇ ಉಳಿದಿದೆ. ಅಂದಮೇಲೆ ದೊಡ್ಡ ಗುಂಡಿಯ ಕೆಲಸ ಈಗ ಯಾರ ಕೈಯಲ್ಲಿದೆ?

ದೊಡ್ಡ ಗುಂಡಿಯ ಕೆಳಗೆ ಕಡಲೆ ಗಾತ್ರದ ಇನ್ನೊಂದು ಗುಂಡಿಯಿತ್ತು. ಬೆಳಗಿನಿಂದ ಅಷ್ಟು ಜನ ಬಂದರು, ಅಷ್ಟು ಬೆರಳು ಆಡಿದವು. ಅದನ್ನು ಒಬ್ಬರೂ ಮುಟ್ಟಿರಲಿಲ್ಲ. ದೊಡ್ಡವರ ಪಕ್ಕದಲ್ಲಿ ನಿಂತ ಸಣ್ಣವರ ಗತಿ ಎಲ್ಲ ಕಾಲದಲ್ಲೂ ಇಷ್ಟೇ.

ಅರ್ಧಿಂಚು ಎದ್ದು ನಿಂತ. ಟೇಪನ್ನು ಮಾಲೆಯಂತೆ ಕೊರಳಿಗೆ ಹಾಕಿಕೊಂಡ. ನಡೆದು ಹೋಗುವಾಗ ಅವನ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ಹೆಂಡತಿ ಮದುವೆಯ ದಿನದ ನಂತರ ಕಂಡಿರಲಿಲ್ಲ. ಅವನು ಕಿರುಬೆರಳನ್ನು ಚಾಚಿ ಸಣ್ಣ ಗುಂಡಿಯನ್ನು ಒತ್ತಿದ.

ಪೆಟ್ಟಿಗೆಯೊಳಗೆ ಏನೋ ನಿಟ್ಟುಸಿರು ಬಿಟ್ಟಿತು. ಫ್ಯಾನು ತಿರುಗಿತು. ಪರದೆಯ ಮೇಲೆ ಬೆಳಕು ಮೊದಲು ಮಸುಕಾಗಿ, ಆಮೇಲೆ ಸೂರ್ಯೋದಯದ ಹಾಗೆ ಮೂಡಿತು.

"ಬಂತು! ಬಂತು!" ಎಂದು ಬಾಮೈದ ಹಾರಿದ. "ನಾನು ರಬ್ಬರಲ್ಲಿ ತಿಕ್ಕಿದ್ದೆ!"

"ಕಂಬ ಬಿಗಿ ಮಾಡಿದ್ದು ಯಾರು?" ಎಂದ ಲೈನ್‌ಮನ್.

"ಕಂಬ ಅಂತ ಹೇಳಿದ್ದು ಯಾರು?" ಎಂದ ಎಲೆಕ್ಟ್ರಿಷಿಯನ್.

ಸಾಹೇಬರು ಮಾತ್ರ ಹುಬ್ಬು ಗಂಟಿಕ್ಕಿದರು. "ಅಲ್ರೀ, ಎಲ್ಲಾ ಕಡೆ ದೊಡ್ಡ ಗುಂಡಿ ಒತ್ತಿ ಶುರು ಮಾಡ್ತಾರೆ. ನೀವ್ಯಾಕೆ ಸಣ್ಣದು ಒತ್ತಿದ್ರಿ?"

ಅರ್ಧಿಂಚು ಅವಸರ ಮಾಡಲಿಲ್ಲ.

"ಸಾರ್, ಮುನ್ನೂರು ಜನರ ಅಳತೆ ಇದರಲ್ಲಿರುತ್ತೆ. ಸೊಂಟದ ಅಳತೆ ಅಂದ್ರೆ ಮನುಷ್ಯನ ಮಾನ ಇದ್ದ ಹಾಗೆ. ಯಾರೋ ಬಂದವರು ದೊಡ್ಡ ಗುಂಡಿ ಒತ್ತಿ ನೋಡೋ ಹಾಗಿರಬಾರದು. ದೊಡ್ಡದು ನೋಡೋರಿಗೆ, ಸಣ್ಣದು ಹೊಲಿದವರಿಗೆ."

ಸಾಹೇಬರ ಬಾಯಿ ತೆರೆದುಕೊಂಡಿತು. "ಅಂದ್ರೆ ಗೊತ್ತಿಲ್ಲದವರು ದೊಡ್ಡದು ಒತ್ತಿದ್ರೆ?" ಎನ್ನುತ್ತಲೇ, ಯಾರೂ ತಡೆಯುವ ಮೊದಲೇ, ತಾವೇ ಮುಂದೆ ಬಾಗಿ ದೊಡ್ಡ ಗುಂಡಿಯನ್ನು ಒತ್ತಿಬಿಟ್ಟರು.

ಪರದೆ ತಟ್ಟನೆ ಕಪ್ಪಾಯಿತು.

ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡಳು. ಬಾಗಿಲಲ್ಲಿ ಎದುರಂಗಡಿಯವನ ಮುಖ ಅರಳಿತು. ಅರ್ಧಿಂಚಿಗೂ ಏನಾಗುವುದೋ ತಿಳಿಯದು. ಆದರೂ ಕಣ್ಣರೆಪ್ಪೆ ಅಲುಗಿಸದೆ ನಿಂತ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಪರದೆ ತಾನಾಗಿಯೇ ಮತ್ತೆ ಬೆಳಗಿತು. ಓಡುವ ಯಂತ್ರವನ್ನು ನಿಲ್ಲಿಸಿ ಮೊದಲಿನಿಂದ ಎಬ್ಬಿಸುವ ಸಣ್ಣ ಗುಂಡಿಯ ಕೆಲಸ ಈಗ ದೊಡ್ಡ ಗುಂಡಿಯ ಪಾಲಿಗೆ ಬಂದಿತ್ತಷ್ಟೆ.

"ನೋಡಿದ್ರಾ ಸಾರ್" ಎಂದ ಅರ್ಧಿಂಚು ಮೆಲ್ಲಗೆ. "ಬೇರೆಯವರ ಕೈ ತಗಲಿದ್ರೆ ಕಣ್ಣು ಮುಚ್ಚಿಕೊಳ್ಳುತ್ತೆ. ಯಜಮಾನ ಹತ್ತಿರಾನೇ ಇದ್ದಾನೆ ಅಂತ ಗೊತ್ತಾದ್ರೆ ಮತ್ತೆ ತೆಗೆಯುತ್ತೆ."

"ಅಬ್ಬಬ್ಬಾ!" ಎಂದರು ಸಾಹೇಬರು. ಇಲಾಖೆಯ ಯುವ ಅಧಿಕಾರಿ ಪುಸ್ತಕ ತೆರೆದು ಅದನ್ನೂ ಬರೆದುಕೊಂಡ. "ನಮ್ಮ ಆಫೀಸಿನ ಆರು ಕಂಪ್ಯೂಟರಿಗೂ ಹೀಗೇ ಮಾಡಿಕೊಡಬೇಕು ನೀವು" ಎಂದರು ಸಾಹೇಬರು. "ಅದು ಆಮೇಲೆ. ಈಗ ನನ್ನದು ಹಾಕಿ."

ಅರ್ಧಿಂಚು ಒಂದೊಂದೇ ಅಂಕಿ ಹುಡುಕಿ ಒತ್ತಿದ. ಎದೆ, ಉದ್ದ. ಸೊಂಟ ನಲವತ್ತೆರಡು. ಬೆಳಕಿನ ಪರದೆಯ ಮೇಲೆ ನಲವತ್ತೆರಡು ಬೀದಿಗೆಲ್ಲ ಕಾಣುವಂತೆ ಹೊಳೆಯಿತು. ಸಾಹೇಬರು ಅವನ ಕಿವಿಯ ಹತ್ತಿರ ಬಾಗಿದರು.

"ಟೇಲರೇ, ಫೈಲಿನಲ್ಲಿ ಹತ್ತು ವರ್ಷದಿಂದ ಮೂವತ್ತೆಂಟು ಅಂತಿದೆ."

"ಅಂಗಿ ನಲವತ್ತೆರಡರಲ್ಲಿ ಹೊಲೀತೀನಿ, ಅಂಕಿ ಮೂವತ್ತೆಂಟೇ ಇರ್ಲಿ ಸಾರ್. ಒಳಗೆ ಅರ್ಧ ಇಂಚು ಬಿಟ್ಟಿರ್ತೀನಿ. ಮುಂದೆ ಬೇಕಾಗುತ್ತೆ."

ಮುಂದೆ ಬೇಕಾಗುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸಾಹೇಬರು ಅಲ್ಲಿಯೇ, ಕತ್ತರಿಸುವ ಮೇಜಿನ ಮೇಲೆ ಫೈಲು ಬಿಡಿಸಿ ಸಹಿ ಹಾಕಿದರು. ಪೆನ್ನು ಮುಚ್ಚುತ್ತ ಒಂದೇ ಒಂದು ಷರತ್ತು ಹೇಳಿದರು. "ಕಂಪ್ಯೂಟರ್ ನಿಮ್ಮದೇ ಆಗ್ಲಿ. ಆದ್ರೆ ಹೊಲಿಗೆ ಮಾತ್ರ ಎದುರಂಗಡಿ ಗಾಜಿನೊಳಗೆ ಗೊಂಬೆಗೆ ಹಾಕಿದಾರಲ್ಲ ಕೋಟು, ಅದರ ಥರ ಇರ್ಬೇಕು. ಆ ಕಾಲರು ನೋಡಿದೀರಾ? ಅದು ಕೈ ಅಂದ್ರೆ."

ಅರ್ಧಿಂಚು ತಲೆ ತಗ್ಗಿಸಿದ. ಆ ಕೋಟನ್ನು ಅವನು ಒಂದು ವರ್ಷದಿಂದ ರಸ್ತೆಯ ಈಚೆ ನಿಂತು ಕಳ್ಳಗಣ್ಣಲ್ಲಿ ನೋಡುತ್ತಿದ್ದ. ಅಂಥ ಕಾಲರು ಕೂರಿಸುವ ಕೈ ಯಾವ ದೊಡ್ಡ ಪಟ್ಟಣದ್ದೋ, ಆ ಪುಣ್ಯಾತ್ಮನ ಗುರು ಯಾರೋ ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದ. "ಪ್ರಯತ್ನ ಮಾಡ್ತೀನಿ ಸಾರ್" ಎಂದ ಪ್ರಾಮಾಣಿಕವಾಗಿ. ಬಾಗಿಲ ಹತ್ತಿರ ನಿಂತಿದ್ದ ಎದುರಂಗಡಿಯವನು ತನ್ನ ಅಂಗಡಿಯ ಗೊಂಬೆಯ ಕಡೆ ಒಮ್ಮೆ ತಿರುಗಿ ನೋಡಿದ. ಜನರ ನಡುವೆ ಕರಗಿ ಹೋದ.

ಅವತ್ತು ಸಂಜೆ ಬೀದಿಯಲ್ಲಿ ಅರ್ಧಿಂಚು ರಾಜನಾಗಿದ್ದ. ಅರೆಬೋಳು ಗಿರಾಕಿ ಸಹ, ಇನ್ನರ್ಧವನ್ನು ಬೋಳಿಸಿಕೊಂಡು ಬಂದು, ಕೈ ಕುಲುಕಿ ಹೋದ. ಇಬ್ಬರು ಮೇಷ್ಟರು ಅಂಗಿಯ ಅಳತೆ ಕೊಡಲು ಸಾಲಿನಲ್ಲಿ ನಿಂತರು. ಅಂಗಿ ಬೇಕಾಗಿತ್ತೆಂದಲ್ಲ, ತಮ್ಮ ಅಳತೆಯೂ ಆ ಯಂತ್ರದೊಳಗೆ ಭದ್ರವಾಗಿರಲಿ ಎಂದು. ಹೆಂಡತಿ ಮುಚ್ಚಿದ್ದ ಎರಡು ಹೊಲಿಗೆ ಯಂತ್ರಗಳ ಬಟ್ಟೆ ತೆಗೆದು ಎಣ್ಣೆ ಬಿಟ್ಟಳು.

"ತಂತಿ ಸರಿ ಮಾಡಿ ಕೊಡ್ಲಾ ಭಾವ?" ಎಂದ ಬಾಮೈದ. ಅವನಿಗೆ ಈಗ ಎಲ್ಲ ತಿಳಿಸಿಯಾಗಿತ್ತು.

"ಮುಟ್ಟಿದ್ರೆ ಕೈ ಮುರೀತೀನಿ. ಸಾಹೇಬರು ಸಹಿ ಹಾಕಿರೋದು ಸಣ್ಣ ಗುಂಡಿಗೆ."

ಕಾಜದಮ್ಮ ಮಣೆಯಿಂದ ಏಳಲಿಲ್ಲ. ಸಂತೆ ಕರಗಿದ ಮೇಲೆ ಕನ್ನಡಕ ಏರಿಸಿ ಕಂಪ್ಯೂಟರಿನ ಕಡೆ ನೋಡಿದಳು. "ಮುನ್ನೂರ ಹನ್ನೆರಡು ಅಂಗಿ. ಅಂಗಿಗೆ ಏಳು ಕಾಜ. ಎಷ್ಟಾಯ್ತು ಅಂತ ಕೇಳು ನಿನ್ನ ಪೆಟ್ಟಿಗೇನ."

ಅರ್ಧಿಂಚು ಒಂದೇ ಬೆರಳಿನಲ್ಲಿ ಅಂಕಿಗಳನ್ನು ಹುಡುಕಿ ಒತ್ತಿದ. "ಎರಡು ಸಾವಿರದ ನೂರ ಎಂಬತ್ತನಾಲ್ಕಮ್ಮ."

"ನಾನೂ ಅಷ್ಟೇ ಅಂದ್ಕೊಂಡೆ" ಎಂದು ಅವಳು ಹೊಸ ದಾರದ ಉಂಡೆ ಬಿಚ್ಚಿದಳು. "ಎರಡು ತಿಂಗಳಿಗಾಯ್ತು. ಆಮೇಲಿನದ್ದು ಆಮೇಲೆ."

ದೀಪ ಹಚ್ಚುವ ಹೊತ್ತಿಗೆ ಅಂಗಡಿಯಲ್ಲಿ ಅರ್ಧಿಂಚು ಒಬ್ಬನೇ ಉಳಿದಿದ್ದ. ಪರದೆಯ ಬೆಳಕಿನಲ್ಲಿ ಸಾಹೇಬರ ನಲವತ್ತೆರಡನ್ನು ಮೂವತ್ತೆಂಟು ಮಾಡುತ್ತ ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಎದುರಂಗಡಿಯವನು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಅವನು ಈ ಅಂಗಡಿಯೊಳಗೆ ಚಪ್ಪಲಿ ಬಿಟ್ಟು ಬಂದದ್ದು ಅದೇ ಮೊದಲು.

"ಪ್ಲಗ್ ಹಾಕಿದೆ" ಎಂದ ಅರ್ಧಿಂಚು, ಅಭ್ಯಾಸಬಲದಿಂದ.

ಅವನು ನಗಲಿಲ್ಲ. ಸ್ವಲ್ಪ ಹೊತ್ತು ಹೊಲಿಗೆ ಯಂತ್ರಗಳನ್ನು ನೋಡಿದ, ಗೋಡೆಗೆ ತೂಗಿದ ಕತ್ತರಿಗಳನ್ನು ನೋಡಿದ. ಆಮೇಲೆ ಎದೆಯ ಜೇಬಿನಿಂದ ಏನನ್ನೋ ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟು ಬೆರಳಿನಿಂದ ಮುಂದಕ್ಕೆ ಸರಿಸಿದ. ಎರಡು ಬೆರಳಗಲದ ಬಟ್ಟೆಯ ಚೂರು. ಅಂಚಿನಲ್ಲಿ ಬಿಚ್ಚಿದ ಹೊಲಿಗೆಯ ಎಳೆಗಳು ಇನ್ನೂ ಉಳಿದಿದ್ದವು. ಬಿಳಿಯ ಮೇಲೆ ಕೆಂಪು ದಾರದಲ್ಲಿ ಅರ್ಧಿಂಚಿನ ಅಂಗಡಿಯ ಹೆಸರಿತ್ತು.

"ಹೋದ ವರ್ಷ ನಮ್ಮ ನೆಂಟನೊಬ್ಬನ್ನ ಕಳಿಸಿ ನಿಮ್ಮ ಹತ್ತಿರ ಒಂದು ಕೋಟು ಹೊಲಿಸಿದ್ದೆ" ಎಂದ ಅವನು, ಮೇಜಿನ ಕಡೆ ನೋಡುತ್ತ. "ಗೊಂಬೆಗೆ ಹಾಕೋ ಮುಂಚೆ ಕಾಲರಿಂದ ಬಿಚ್ಚಿದ್ದು. ಇದು ನಿಮ್ಮದು."

ಅಷ್ಟು ಹೇಳಿ, ಬಾಗಿಲಾಚೆ ಚಪ್ಪಲಿ ಮೆಟ್ಟಿಕೊಂಡು, ಅವನು ಮೆಲ್ಲಗೆ ರಸ್ತೆ ದಾಟಿದ.